ಕುಂಚ ರೋಗಿಯ ಕೈಯಲ್ಲಿರಲಿ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕ್ಯಾನ್ಸರ್ ಆಸ್ಪತ್ರೆಯ ಮಾತೇಕೆ ಎಂದು ಕೆಲವು ಬಂಧುಗಳು ಹುಬ್ಬೇರಿಸಬಹುದು. ರಾಯದುರ್ಗ ಮತ್ತು ಮಡಕಶಿರಾ ಸೀಮೆಯ ಕನ್ನಡಿಗರ ಸ್ಥಿತಿಗತಿಯನ್ನು ಕುರಿತು ಬರೆಯುವಾಗ ಗಡಿ, ಶಾಲೆ, ಪಠ್ಯಪುಸ್ತಕ, ನಾಮಫಲಕ ಇವಿಷ್ಟನ್ನು ಪ್ರಸ್ತಾಪಿಸಿ ಮುಗಿಸುವುದು ರೂಢಿ. ಅವೆಲ್ಲವೂ ಅಗತ್ಯವಾದ ವಿಷಯಗಳೇ. ಆದರೆ ಕನ್ನಡ ಮನೆಮಾತಿನ ಮನುಷ್ಯ ತನ್ನ ಬಾಳಿನ ಅತ್ಯಂತ ಕಠಿಣ ದಿನಗಳನ್ನು ಎಲ್ಲಿ, ಯಾರ ನಡುವೆ ಕಳೆಯುತ್ತಾನೆ ಎಂಬುದೂ ಕನ್ನಡದ ಪ್ರಶ್ನೆಯೇ ಎಂದು ನಾವು ತಿಳಿಯುತ್ತೇವೆ. ಆದ್ದರಿಂದ ಇಲ್ಲಿ ಒಂದೇ ಒಂದು ವಾದವನ್ನು ಮುಂದಿಡುತ್ತೇವೆ: ಕನ್ನಡ ಸಂಘಗಳು ಚಿತ್ರಕಲಾವಿದರನ್ನು ಕೂಡಿಕೊಂಡು ಕ್ಯಾನ್ಸರ್ ವಾರ್ಡುಗಳಿಗೆ ಹೋಗಬೇಕು, ಅಲ್ಲಿ ರೋಗಿಗಳೊಡನೆ ಕುಳಿತು, ಅವರ ಕೈಗೆ ಕುಂಚ ಕೊಟ್ಟು, ಜೊತೆಯಾಗಿ ಚಿತ್ರ ಬರೆಯಬೇಕು.

ನಮ್ಮ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಇದರ ಹಿನ್ನೆಲೆ ಬೇಗ ಹೊಳೆಯುತ್ತದೆ. ಅನಂತಪುರ ಜಿಲ್ಲೆ 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟಿತು. ರಾಯದುರ್ಗ ತಾಲ್ಲೂಕು ಮುಂದೆಯೂ ಬಳ್ಳಾರಿಯಲ್ಲೇ ಉಳಿದು, 1953ರಲ್ಲಿ ಆಂಧ್ರ ರಾಜ್ಯ ಉದಯಿಸಿದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಹೊಸದಾಗಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಗೆರೆಗಳು ಹೀಗೆ ಸರಿದಾಡಿದರೂ ಕಾಯಿಲೆ ಬಿದ್ದವರ ದಾರಿ ಬದಲಾಗಲಿಲ್ಲ. ರಾಯದುರ್ಗದ ರೋಗಿ ಮೊದಲು ಬಳ್ಳಾರಿಯತ್ತ ನೋಡುತ್ತಾನೆ. ಮಡಕಶಿರಾದ ರೋಗಿ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಗಡ್ಡೆ ಎಂಬ ಮಾತು ವೈದ್ಯರ ಬಾಯಿಂದ ಹೊರಟ ಮೇಲೆ ಎರಡೂ ಊರಿನವರಲ್ಲಿ ಅನೇಕರು ತಲುಪುವುದು 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳನ್ನು.

ಕ್ಯಾನ್ಸರ್ ಚಿಕಿತ್ಸೆಯ ಬಹುಭಾಗ ಕಾಯುವಿಕೆ ಎಂಬುದು ಅದನ್ನು ಹತ್ತಿರದಿಂದ ಕಂಡವರಿಗೆ ಗೊತ್ತು. ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ. ಹಲವರಿಗೆ ಐದಾರು ವಾರ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಉಳಿದ ದಿನವೆಲ್ಲ ಬೆಂಚು, ಮೊಗಸಾಲೆ, ಧರ್ಮಶಾಲೆಯ ಚಾಪೆ. ಕೀಮೋ ಔಷಧಿ ಹನಿಹನಿಯಾಗಿ ಇಳಿಯುವಷ್ಟು ಹೊತ್ತು ಕಾಯಬೇಕು. ಮುಂದಿನ ಸರದಿಗೆ ಹಲವು ವೇಳೆ ಮೂರು ವಾರ ಕಾಯಬೇಕು. ರಕ್ತ ಪರೀಕ್ಷೆಯ ವರದಿಗೆ ಕಾಯಬೇಕು. ಹೊಲದಲ್ಲಿ, ಮಗ್ಗದಲ್ಲಿ, ಜೀನ್ಸ್ ಹೊಲಿಯುವ ಯಂತ್ರದ ಮುಂದೆ ದಿನವಿಡೀ ದುಡಿದ ಕೈಗಳು ಅಲ್ಲಿ ಮಾಡುವುದಕ್ಕೇನೂ ಇಲ್ಲದೆ ಮಡಿಲಲ್ಲಿ ಬಿದ್ದಿರುತ್ತವೆ. ಎದ್ದೇಳಬೇಕಾದ ಹೊತ್ತು, ತಿನ್ನಬೇಕಾದ ಆಹಾರ, ಸೂಜಿ ಚುಚ್ಚಿಸಿಕೊಳ್ಳಬೇಕಾದ ತೋಳು, ಎಲ್ಲವನ್ನೂ ಬೇರೆಯವರು ತೀರ್ಮಾನಿಸುತ್ತಾರೆ. ಚಿಕಿತ್ಸೆಗೆ ಅದು ಅನಿವಾರ್ಯವೇ ಸರಿ. ಆದರೆ ಒಬ್ಬ ಮನುಷ್ಯನಿಂದ ಎಲ್ಲ ಆಯ್ಕೆಗಳನ್ನೂ ಕಸಿದುಕೊಂಡ ಮೇಲೆ ಒಂದು ಸಣ್ಣ ಆಯ್ಕೆಯನ್ನಾದರೂ ಹಿಂದಕ್ಕೆ ಕೊಡಬೇಡವೆ? ಈ ಎಲೆಗೆ ಹಸಿರೋ ಹಳದಿಯೋ ಎಂಬ ಆಯ್ಕೆ ನೋಡುವವರಿಗೆ ಕ್ಷುಲ್ಲಕ. ವಾರಗಟ್ಟಲೆ ಏನನ್ನೂ ಆಯ್ದುಕೊಳ್ಳದವರಿಗೆ ಅದು ಕ್ಷುಲ್ಲಕವಲ್ಲ.

ಇದಕ್ಕೆ ನಮ್ಮ ಗಡಿನಾಡಿನ ರೋಗಿಯ ಇನ್ನೊಂದು ಕಷ್ಟವನ್ನು ಸೇರಿಸಿಕೊಳ್ಳಬೇಕು. ಅವನ ಪಡಿತರ ಚೀಟಿ ತೆಲುಗಿನಲ್ಲಿದೆ, ಆಸ್ಪತ್ರೆಯ ಕಡತ ಇಂಗ್ಲಿಷಿನಲ್ಲಿದೆ, ನೋವು ಕನ್ನಡದಲ್ಲಿದೆ. ಬೆಂಗಳೂರಿಗೆ ಬಂದರೆ ಆಂಧ್ರದವನೆನಿಸಿಕೊಳ್ಳುತ್ತಾನೆ. ಅನಂತಪುರ, ಕರ್ನೂಲುಗಳಿಗೆ ಹೋದರೆ ಕನ್ನಡದವನೆನಿಸಿಕೊಳ್ಳುತ್ತಾನೆ. ‘ಸಂಕಟ’, ‘ಉರಿ’, ‘ಸೆಳೆತ’, ‘ಚುಳುಕು’ ಇವೆಲ್ಲ ಬೇರೆ ಬೇರೆ ನೋವುಗಳೆಂದು ಬಲ್ಲವರು ಬಳಿಯಲ್ಲಿಲ್ಲದಾಗ ಅವನು ಕ್ರಮೇಣ ಮಾತನ್ನೇ ನಿಲ್ಲಿಸಿಬಿಡುತ್ತಾನೆ. ಭಾಷೆಯ ಸಂಘಕ್ಕೂ ಚಿತ್ರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನಮ್ಮ ಉತ್ತರ ಇದು: ಕೈಗಳು ಬಣ್ಣದಲ್ಲಿ ತೊಡಗಿರುವಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎದುರು ಕುಳಿತು ‘ಹೇಗಿದ್ದೀರಿ?’ ಎಂದು ಕೇಳಿದರೆ ‘ಇದ್ದೀನಿ’ ಎಂಬ ಒಂದೇ ಮಾತು ಬರುತ್ತದೆ. ಪಕ್ಕದಲ್ಲಿ ಕುಳಿತು ಒಂದೇ ಹಲಗೆಯ ಮೇಲೆ ಹುಣಿಸೆಮರ ಬರೆಯುತ್ತಿದ್ದರೆ ಊರು, ಮಳೆ, ಕಡಲೆಕಾಯಿ ಬೆಳೆ, ಮಗಳ ಮದುವೆ, ಕೊನೆಗೆ ಯಾರಿಗೂ ಹೇಳದ ಭಯ, ಎಲ್ಲವೂ ಬರುತ್ತವೆ. ಆ ಮಾತನ್ನು ಆ ಸೀಮೆಯ ಕನ್ನಡದಲ್ಲೇ ಕೇಳಿಸಿಕೊಳ್ಳುವ ಕಿವಿಗಳು ಸಂಘದಲ್ಲಲ್ಲದೆ ಇನ್ನೆಲ್ಲಿ ಸಿಗುತ್ತವೆ?

ಈಗ ಬಹು ಕಡೆ ನಡೆಯುವ ಆಸ್ಪತ್ರೆ ಸೇವೆಯ ರೀತಿಯನ್ನು ನಾವು ಒಪ್ಪಲಾರೆವು. ರಾಜ್ಯೋತ್ಸವದ ದಿನ ಹತ್ತಾರು ಮಂದಿ ಒಟ್ಟಿಗೆ ಬರುತ್ತಾರೆ, ಬ್ಯಾನರು ಹಿಡಿಯುತ್ತಾರೆ, ಹಾಸಿಗೆ ಹಾಸಿಗೆಗೂ ಎರಡು ಬಾಳೆಹಣ್ಣು, ಒಂದು ಬ್ರೆಡ್ಡು. ರೋಗಿ ಹಣ್ಣನ್ನು ಹಿಡಿದು ಫೋಟೊ ತೆಗೆಸಿಕೊಳ್ಳುವವರೆಗೆ ಕೊಡುವ ಕೈ ಹಣ್ಣನ್ನು ಬಿಡುವುದಿಲ್ಲ. ಕೂದಲುದುರಿದ ತಲೆಯ ಆ ತಾಯಿ ತನ್ನನ್ನು ನೆಂಟರೂ ನೋಡಬಾರದೆಂದು ಸೆರಗು ಹೊದ್ದಿದ್ದರೆ, ಮರುದಿನ ಅವಳನ್ನು ಊರೆಲ್ಲ ಪತ್ರಿಕೆಯಲ್ಲಿ ನೋಡುತ್ತದೆ. ಇನ್ನು ಗೋಡೆ ಚಿತ್ರಗಳು. ಮಕ್ಕಳ ವಾರ್ಡಿನ ಗೋಡೆಗೆ ಆನೆ, ಜಿಂಕೆ, ಟೀವಿಯ ಪಾತ್ರಗಳನ್ನು ಬರೆದು ಹೋಗುವ ಉತ್ಸಾಹಿಗಳಿದ್ದಾರೆ. ಗೋಡೆ ಚೆಂದವಾಗುವುದು ನಿಜ. ಆದರೆ ಅದೇ ವಾರ್ಡಿನ ಮಗು ಬಣ್ಣದ ಡಬ್ಬಿಯನ್ನು ದೂರದಿಂದ ನೋಡುತ್ತ ಮಲಗಿದ್ದರೆ, ಚಿತ್ರ ಬರೆದ ಸುಖ ಬಂದವರಿಗೆ ದಕ್ಕಿತೇ ಹೊರತು ಮಗುವಿಗಲ್ಲ. ಕುಂಚ ಯಾರ ಕೈಯಲ್ಲಿದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಈ ವಿಚಾರ ನಮ್ಮ ಕಲ್ಪನೆಯಲ್ಲ. ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ 1938ರಲ್ಲಿ ಕ್ಷಯರೋಗಿಯಾಗಿ ಆರೋಗ್ಯಧಾಮವೊಂದರಲ್ಲಿ ಮಲಗಿದ್ದಾಗ ಹಾಸಿಗೆಯಲ್ಲೇ ಚಿತ್ರ ಬರೆಯತೊಡಗಿ, ಆ ಬಳಿಕ ಇತರ ರೋಗಿಗಳ ಕೈಗೂ ಕುಂಚ ಕೊಟ್ಟರು. ಆ ಅನುಭವವನ್ನು 1945ರಲ್ಲಿ ಪುಸ್ತಕವಾಗಿಸಿದರು. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಜಾನ್ ಫೈಟ್ ಎಂಬವರು 1970ರ ದಶಕದಲ್ಲಿ ಆಸ್ಪತ್ರೆಯ ಗೋಡೆಗಳಿಗೆ ಚಿತ್ರ ಬರೆಯಲಾರಂಭಿಸಿದರು. ರೋಗಿಗಳಿಗೆ ಚಿತ್ರ ನೋಡುವುದಕ್ಕಿಂತಲೂ ಬರೆಯಲು ಕೈಗೂಡಿಸುವುದರಲ್ಲಿ ಹೆಚ್ಚು ಸಂತೋಷವಿದೆಯೆಂಬುದನ್ನು ಅವರು ಕಂಡುಕೊಂಡರು. 1984ರಲ್ಲಿ ಅದಕ್ಕಾಗಿಯೇ ಒಂದು ಪ್ರತಿಷ್ಠಾನ ಹುಟ್ಟಿತು. ಅವರ ವಿಧಾನ ಸರಳ. ಕ್ಯಾನ್‌ವಾಸಿನ ಮೇಲೆ ಮೊದಲೇ ಹೊರಗೆರೆ ಎಳೆದು, ಎಲ್ಲಿ ಯಾವ ಬಣ್ಣ ಎಂಬುದಕ್ಕೆ ಗುರುತು ಹಾಕಿರುತ್ತಾರೆ. ರೋಗಿ, ರೋಗಿಯ ಮನೆಯವರು, ದಾದಿ, ಸ್ವಯಂಸೇವಕ ಎಲ್ಲರೂ ಸೇರಿ ಬಣ್ಣ ತುಂಬುತ್ತಾರೆ. ನಮಗೆ ಬರುವುದಿಲ್ಲ ಎನ್ನುವವರ ಭಯ ಅಷ್ಟರಿಂದಲೇ ಅರ್ಧ ಕಳೆಯುತ್ತದೆ.

ಇದು ಪರದೇಶದ ಮಾತಾಯಿತು, ನಮ್ಮ ಹಳ್ಳಿಯವರಿಗೆ ಚಿತ್ರದ ಗಂಧವೆಲ್ಲಿ ಎನ್ನುವವರಿಗೆ ನಾವು ಅವರ ಮನೆಯ ಅಂಗಳವನ್ನೇ ತೋರಿಸಬೇಕಾಗುತ್ತದೆ. ನಲವತ್ತು ವರ್ಷ ದಿನವೂ ಬೆಳಿಗ್ಗೆ ಸಾರಿಸಿದ ನೆಲದ ಮೇಲೆ ಚುಕ್ಕಿಯಿಟ್ಟು, ಗೆರೆಯೆಳೆದು, ಒಂದು ಎಳೆಯೂ ತಪ್ಪದಂತೆ ರಂಗವಲ್ಲಿ ಬರೆದ ಹೆಣ್ಣುಮಗಳು ಚಿತ್ರಕಾರಳಲ್ಲವೆ? ಆಸ್ಪತ್ರೆಯಲ್ಲಿ ಅವಳಿಗೆ ಹೊಸ್ತಿಲಿಲ್ಲ, ಅಷ್ಟೇ ವ್ಯತ್ಯಾಸ. ಮಡಕಶಿರಾದ ನೆರೆಯ ಲೇಪಾಕ್ಷಿಯಲ್ಲಿ ಹದಿನಾರನೆಯ ಶತಮಾನದ ವಿಜಯನಗರ ಕಾಲದ ಚಿತ್ರಗಳು ವೀರಭದ್ರ ದೇವಾಲಯದ ಚಾವಣಿಯಲ್ಲಿ ಇಂದಿಗೂ ಉಳಿದಿವೆ. ಅಂಥ ಚಾವಣಿ ಒಬ್ಬನ ಕೈಯಿಂದ ಆಗುವುದಲ್ಲ. ಗಾರೆ ಮೆತ್ತುವವರು, ಗೆರೆ ಎಳೆಯುವವರು, ಬಣ್ಣ ಅರೆಯುವವರು, ತುಂಬುವವರು ಎಲ್ಲರೂ ಬೇಕು. ಧರ್ಮವರಂ ಬಳಿಯ ನಿಮ್ಮಲಕುಂಟದಲ್ಲಿ ತೊಗಲುಗೊಂಬೆ ಮಾಡುವ ಮನೆತನಗಳು ಇಂದಿಗೂ ಚರ್ಮ ಹದಮಾಡಿ, ಕೊರೆದು, ಬಣ್ಣ ಹಚ್ಚುತ್ತಿವೆ. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ದೊರೆಯಿತು. ಕೂಡಿ ಬಣ್ಣ ಹಚ್ಚುವುದು ಈ ನೆಲದ ಹಳೆಯ ಅಭ್ಯಾಸ. ಅದನ್ನು ವಾರ್ಡಿನ ಒಳಕ್ಕೆ ಒಯ್ಯುವುದಷ್ಟೇ ನಮ್ಮ ಕೆಲಸ.

ಆಕ್ಷೇಪಗಳಿಗೆ ಬರೋಣ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ಮೊದಲು ಎಸೆಯಲಾಗುತ್ತದೆ. ಔಷಧಿಗೆ, ಬಸ್ಸಿಗೆ, ತಂಗುವುದಕ್ಕೆ ಹಣವಿಲ್ಲದವರಿಗೆ ಬಣ್ಣವೇಕೆ? ಹಿಟ್ಟು ಬೇಡವೆಂದು ನಾವೆಲ್ಲಿ ಹೇಳಿದೆವು? ಸಂಘ ಬಸ್ ಚಾರ್ಜು ಕೊಡಲಿ, ತಂಗುವ ಜಾಗ ಹುಡುಕಿಕೊಡಲಿ, ಆಸ್ಪತ್ರೆಯ ಅರ್ಜಿ ತುಂಬಿಕೊಡಲಿ. ಜೊತೆಗೆ ಬಣ್ಣವನ್ನೂ ಒಯ್ಯಲಿ. ಒಂದು ಸಮ್ಮೇಳನದಲ್ಲಿ ಹೊದಿಸುವ ಶಾಲು, ಹಾರ, ಗಾಜಿನ ಪೆಟ್ಟಿಗೆಯ ನೆನಪಿನ ಕಾಣಿಕೆಗಳ ವೆಚ್ಚವನ್ನು ಕೂಡಿಸಿ ನೋಡಿದರೆ ಒಂದು ವಾರ್ಡಿಗೆ ವರ್ಷವಿಡೀ ಬೇಕಾಗುವ ಬಣ್ಣ, ಕಾಗದ, ಕುಂಚಗಳ ಲೆಕ್ಕ ಎಷ್ಟು ಚಿಕ್ಕದೆಂಬುದು ತಿಳಿಯುತ್ತದೆ. ವೇದಿಕೆಯ ಮಲ್ಲಿಗೆಗೆ ಈ ಗಾದೆಯನ್ನು ಯಾರೂ ಹೇಳುವುದಿಲ್ಲ. ಜುಟ್ಟೇ ಉದುರಿದವರ ಬಳಿ ಹೋಗುವಾಗ ಮಾತ್ರ ಇದು ನೆನಪಾಗುವುದು ನಮಗೆ ವಿಚಿತ್ರವೆನಿಸುತ್ತದೆ.

ಎರಡನೆಯದು, ಚಿತ್ರ ಬರೆದರೆ ಕ್ಯಾನ್ಸರ್ ವಾಸಿಯಾಗುವುದೆ ಎಂಬ ಪ್ರಶ್ನೆ. ಇಲ್ಲ. ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ಅವರನ್ನು ವಾರ್ಡಿನ ಬಾಗಿಲಲ್ಲೇ ತಡೆಯಬೇಕು. ಆದರೆ ವಾಸಿಮಾಡದ್ದೆಲ್ಲ ವ್ಯರ್ಥವಲ್ಲ. ಚಿಕಾಗೊ ನಗರದ ಆಸ್ಪತ್ರೆಯೊಂದರಲ್ಲಿ 50 ಮಂದಿ ಕ್ಯಾನ್ಸರ್ ಒಳರೋಗಿಗಳನ್ನು ಕುರಿತು ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವಿದೆ. ಕಲಾಚಿಕಿತ್ಸಕರೊಡನೆ ಒಂದು ಗಂಟೆ ಕಳೆದ ಬಳಿಕ, ಕೇಳಲಾದ ಒಂಬತ್ತು ತೊಂದರೆಗಳಲ್ಲಿ ನೋವು, ಆಯಾಸ, ಆತಂಕ ಸೇರಿ ಎಂಟು ತಗ್ಗಿದುವೆಂದು ರೋಗಿಗಳು ತಿಳಿಸಿದರು; ಓಕರಿಕೆ ಮಾತ್ರ ತಗ್ಗಲಿಲ್ಲ. ಅದು ಚಿಕ್ಕ ಅಧ್ಯಯನ, ಹೋಲಿಕೆಗೆ ಬೇರೊಂದು ಗುಂಪೂ ಅದರಲ್ಲಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಅವಲೋಕಿಸಿ, ಆರೋಗ್ಯ ಪಾಲನೆಯಲ್ಲಿ ಕಲೆಗಳಿಗೆ ಸ್ಥಾನವಿದೆಯೆಂದಿತು. ನಮಗೆ ಇಷ್ಟು ಸಾಕು. ಒಂದು ಗಂಟೆಯ ಆತಂಕ ಇಳಿಯುವುದೆಂದರೆ ಅದನ್ನು ಅನುಭವಿಸಿದವರ ಲೆಕ್ಕದಲ್ಲಿ ಸಣ್ಣದಲ್ಲ.

ಮೂರನೆಯದು ಸೋಂಕಿನ ಭಯ. ಇದು ನ್ಯಾಯವಾದ ಆಕ್ಷೇಪ; ಇದಕ್ಕೆ ಉತ್ತರ ಶಿಸ್ತು. ಕೀಮೋ ಪಡೆಯುವವರ ರಕ್ತದಲ್ಲಿ ಬಿಳಿಯ ಕಣಗಳು ಕುಸಿದಿರುತ್ತವೆ. ನಮಗೆ ಬರಿಯ ನೆಗಡಿಯಾದದ್ದು ಅವರಿಗೆ ಪ್ರಾಣಾಂತಿಕವಾದೀತು. ಆದುದರಿಂದ ವೈದ್ಯರ ಅನುಮತಿಯಿಲ್ಲದೆ ಯಾರ ಹಾಸಿಗೆಯ ಬಳಿಗೂ ಹೋಗತಕ್ಕದ್ದಲ್ಲ. ಕೆಮ್ಮು ನೆಗಡಿಯಿದ್ದವರು ಮನೆಯಲ್ಲೇ ಉಳಿಯತಕ್ಕದ್ದು. ಒಬ್ಬರ ಕುಂಚ ಇನ್ನೊಬ್ಬರಿಗೆ ಬೇಡ. ಎಣ್ಣೆಬಣ್ಣ, ಟರ್ಪೆಂಟೈನುಗಳ ವಾಸನೆ ಓಕರಿಕೆಯನ್ನು ಹೆಚ್ಚಿಸುವುದರಿಂದ ನೀರಿನಲ್ಲಿ ಕರಗುವ ಬಣ್ಣವೇ ಇರಲಿ. ಕೆಲವು ಔಷಧಿಗಳಿಂದ ಬೆರಳ ತುದಿ ಜೋಮುಗಟ್ಟುತ್ತದೆ. ಅಂಥವರಿಗಾಗಿ ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಿಕೊಂಡು ಹೋಗಬೇಕು. ದಣಿದವರು ಅರ್ಧಕ್ಕೇ ನಿಲ್ಲಿಸಿದರೆ ಒತ್ತಾಯಿಸಬಾರದು.

ಹೋಗುವವರು ಯಾರು? ನಿವೃತ್ತ ಡ್ರಾಯಿಂಗ್ ಮೇಷ್ಟ್ರುಗಳಿದ್ದಾರೆ. ಫ್ಲೆಕ್ಸ್ ಬಂದು ಕುಂಚ ಒಣಗಿಹೋದ ಬೋರ್ಡು ಬರೆಯುವ ಕಲಾವಿದರಿದ್ದಾರೆ. ಕನ್ನಡ ತೆಲುಗು ಎರಡೂ ಅಕ್ಷರಗಳನ್ನು ಮುತ್ತಿನಂತೆ ಬರೆದ ಆ ಕೈಗಳಿಗೆ ಇದಕ್ಕಿಂತ ಗೌರವದ ಕೆಲಸವಿಲ್ಲ. ಸ್ವಯಂಸೇವೆಯೆಂದು ಅವರ ಬಸ್ ಚಾರ್ಜನ್ನೂ ಅವರಿಂದಲೇ ಕಟ್ಟಿಸಬಾರದು. ಚಿತ್ರ ಬಾರದ ಸದಸ್ಯರೂ ಬರಲಿ. ನೀರು ಬದಲಿಸಲು, ಮಾತು ಕೇಳಲು ಜನ ಬೇಕು. ಚಿಕಿತ್ಸಕರೆಂಬ ಹಣೆಪಟ್ಟಿ ಮಾತ್ರ ಯಾರಿಗೂ ಬೇಡ. ಹಗಲಿರುಳು ರೋಗಿಯನ್ನು ನೋಡಿಕೊಳ್ಳುವ ಗಂಡನೋ ಮಗಳೋ ತಂಗಿಯೋ ಪಕ್ಕದಲ್ಲಿದ್ದರೆ ಅವರ ಕೈಗೂ ಒಂದು ಕುಂಚ ಕೊಡಬೇಕು. ಬರೆದ ಚಿತ್ರ ರೋಗಿಯ ಸ್ವತ್ತು. ಸ್ಪರ್ಧೆ ಬೇಡ, ಬಹುಮಾನ ಬೇಡ, ಹರಾಜು ಬೇಡ, ಮೂಲೆಯಲ್ಲಿ ಸಂಘದ ಹೆಸರೂ ಬೇಡ. ಫೋಟೊ ಅಂತೂ ಬೇಡವೇ ಬೇಡ.

ಎಲ್ಲಕ್ಕಿಂತ ಕಷ್ಟದ್ದು ಮತ್ತೆ ಹೋಗುವುದು. ಒಮ್ಮೆ ಹೋಗಿ ಬಿಟ್ಟರೆ ಕಾಯುವವರಿಗೆ ಇನ್ನೊಂದು ಕಾಯುವಿಕೆಯನ್ನು ಕೊಟ್ಟಂತಾಗುತ್ತದೆ. ಮುಂದಿನ ಬಾರಿ ಆ ಹಾಸಿಗೆಯಲ್ಲಿ ಬೇರೊಬ್ಬರಿರಬಹುದು. ಅರ್ಧ ಬರೆದ ಚಿತ್ರ ಉಳಿದಿರಬಹುದು. ಅದಕ್ಕೆ ಎದೆಗಟ್ಟಿ ಮಾಡಿಕೊಂಡವರು ಮಾತ್ರ ಹೆಸರು ಬರೆಸಲಿ. ಹತ್ತು ಮಂದಿ ಸಾಕು.

ಈ ಸಮ್ಮೇಳನದ ಕೊನೆಯಲ್ಲಿ ಎಂದಿನಂತೆ ನಿರ್ಣಯಗಳು ಮಂಡಿತವಾಗುತ್ತವೆ. ಅವುಗಳಲ್ಲಿ ಬಹುಪಾಲು ಬೇರೆಯವರು ಮಾಡಬೇಕಾದ ಕೆಲಸಗಳ ಪಟ್ಟಿ. ನಾವೇ ಮಾಡಬಹುದಾದ ಒಂದು ನಿರ್ಣಯವನ್ನು ಈ ಸಲ ಸೇರಿಸಬೇಕೆಂದು ಸಂಘದ ಹಿರಿಯರಲ್ಲಿ ನಾವು ಒತ್ತಾಯಿಸುತ್ತೇವೆ: ತಿಂಗಳಿಗೊಂದು ದಿನ, ಆಸ್ಪತ್ರೆಯವರು ಒಪ್ಪಿದ ಒಂದೇ ವಾರ್ಡು, ಒಂದು ವರ್ಷ ತಪ್ಪದೆ. ಸರ್ಕಾರದ ಆಜ್ಞೆ ಇದಕ್ಕೆ ಬೇಕಿಲ್ಲ. ಆಸ್ಪತ್ರೆಯ ಅನುಮತಿ, ಒಂದಿಷ್ಟು ಬಣ್ಣ, ನಮ್ಮ ಸೀಮೆಯ ಮಾತು, ಇಷ್ಟಿದ್ದರೆ ಮುಂದಿನ ತಿಂಗಳೇ ಆರಂಭಿಸಬಹುದು.