ನಿಮ್ಮೂರಲ್ಲಿ ಯುಗಾದಿ ಯಾವತ್ತು?

ಹೊರದೇಶದಲ್ಲಿರೋ ಕನ್ನಡಿಗರಿಗೆ ಯುಗಾದಿ ಹತ್ತಿರ ಬಂದಾಗ ಒಂದು ಪ್ರಶ್ನೆ ಕಾಡುತ್ತೆ. ಹಬ್ಬ ಊರಿನ ತಾರೀಖಿಗೋ, ಇಲ್ಲಿನ ತಾರೀಖಿಗೋ? 2025ರಲ್ಲಂತೂ ಕೇಳೋದೇ ಬೇಡ. ಬೆಂಗಳೂರಿನಲ್ಲಿ ಮಾರ್ಚ್ 30, ಭಾನುವಾರ. ದೃಗ್ಗಣಿತದ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ 29, ಶನಿವಾರ! "ಅಲ್ರೀ, ಅಮೆರಿಕ ನಮಗಿಂತ ಹಿಂದೆ, ಹಬ್ಬ ಮಾತ್ರ ಹೇಗೆ ಮುಂದೆ?" ಅಂತ ಯಾರಿಗಾದರೂ ಅನ್ನಿಸುತ್ತೆ.

ಲೆಕ್ಕ ಸುಲಭ. ಅಮಾವಾಸ್ಯೆ ಮುಗಿಯೋದು ಇಡೀ ಭೂಮಿಗೆ ಒಂದೇ ಕ್ಷಣ. ಆ ಸಲ ಅದು ಬೆಂಗಳೂರಿನ ಗಡಿಯಾರದಲ್ಲಿ 29ರ ಸಂಜೆ ಸುಮಾರು ನಾಲ್ಕೂವರೆ, ಕ್ಯಾಲಿಫೋರ್ನಿಯಾದಲ್ಲಿ ಅದೇ 29ರ ಬೆಳಗಿನ ಜಾವ ನಾಲ್ಕು. ಚಾಂದ್ರಮಾನ ಯುಗಾದಿಗೆ ಸೂರ್ಯ ಹುಟ್ಟುವಾಗ ಪಾಡ್ಯ ಇರಬೇಕು. ಅಲ್ಲಿ ಏಳು ಗಂಟೆ ಹೊತ್ತಿಗೆ ಸೂರ್ಯ ಬಂದಾಗ ಪಾಡ್ಯ ಇತ್ತು. ನಮ್ಮ 29ರ ಬೆಳಿಗ್ಗೆ ಇನ್ನೂ ಅಮಾವಾಸ್ಯೆ, ಹಾಗಾಗಿ ನಾವು ಮರುದಿನದವರೆಗೆ ಕಾದೆವು. ಕ್ಯಾಲಿಫೋರ್ನಿಯಾದವರು ಹಾಗೆ ಕಾದಿದ್ದರೆ 30ರ ಬೆಳಿಗ್ಗೆ ಅವರಿಗೆ ಸಿಗುತ್ತಿದ್ದದ್ದು ಬಿದಿಗೆ. ಪಾಡ್ಯ ಅಲ್ಲಿ ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೇ ಮುಗಿದಿತ್ತು.

ಅದಕ್ಕೇ ನಾನು ಹೇಳೋದು, ಊರಿಂದ ತಂದ ಗೋಡೆ ಕ್ಯಾಲೆಂಡರ್ ನೋಡಿ ಹೊರದೇಶದಲ್ಲಿ ಹಬ್ಬ ಮಾಡಬೇಡಿ. ದಿನ ಅನ್ನೋದು ನೀವಿರೋ ಜಾಗದ್ದು. (ಕನ್ನಡ ಕೂಟದ ಯುಗಾದಿ ಬಿಡಿ, ಅದು ಹಾಲ್ ಸಿಕ್ಕ ವಾರಾಂತ್ಯಕ್ಕೆ!)

ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲೂ ಇದೇ ಗೊಂದಲ. ಹುಟ್ಟಿದ ದಿನವನ್ನು ಭಾರತದ ಮಧ್ಯರಾತ್ರಿಯ ಕ್ಷಣ ಅಂತ ತಿಳಿದು ಡೇಟಾಬೇಸಿಗೆ ಹಾಕ್ತಾರೆ. ಯುಟಿಸಿಯಲ್ಲಿ ಅದು ಹಿಂದಿನ ದಿನದ ಸಂಜೆ ಆರೂವರೆ. ಆಗಸ್ಟ್ 15ಕ್ಕೆ ಹುಟ್ಟಿದ ಮಗುವಿಗೆ ಲಂಡನ್ನಿನ ಪರದೆಯಲ್ಲಿ 14ನೇ ತಾರೀಖು! ಕ್ಷಣ ಬೇರೆ, ದಿನ ಬೇರೆ ಕಣ್ರೀ.

ಇನ್ನು ತಾರೀಖನ್ನೇ ಕಲ್ಲಿನ ಮೇಲೆ ಬರೆದದ್ದು ಅಂದುಕೊಂಡವರು ಶಾಂತಸಾಗರದ ಸಮೋವಾ ನೋಡಬೇಕು. 2011ರ ಡಿಸೆಂಬರ್ 29, ಗುರುವಾರ ರಾತ್ರಿ ಮಲಗಿದವರು ಎದ್ದದ್ದು 31, ಶನಿವಾರ. ಶುಕ್ರವಾರವೇ ಮಾಯ. ವ್ಯಾಪಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ, ಇವರ ಶುಕ್ರವಾರಕ್ಕೆ ಅಲ್ಲಿ ರಜೆ ಶುರುವಾಗಿರ್ತಿತ್ತು. ಆದ್ದರಿಂದ ದಿನರೇಖೆಯನ್ನೇ ದಾಟಿಬಿಟ್ಟರು. 1892ರಲ್ಲಿ ಅಮೆರಿಕದ ವ್ಯಾಪಾರಕ್ಕಾಗಿ ಇದೇ ದೇಶ ಉಲ್ಟಾ ದಾಟಿ ಜುಲೈ 4ನ್ನು ಎರಡು ಸಲ ಕಂಡಿತ್ತು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಈಗಲೂ ಗಡಿಯಾರ ಅದೇ ಗಂಟೆ ತೋರಿಸುತ್ತೆ, ತಾರೀಖು ಒಂದು ದಿನ ಹಿಂದೆ. 2011ರ ಆ ರಾತ್ರಿಯ ನಂತರ ಶನಿವಾರವನ್ನು ಸಬ್ಬತ್ ಎಂದು ಆಚರಿಸೋ ಅಡ್ವೆಂಟಿಸ್ಟ್ ಕ್ರೈಸ್ತರಲ್ಲಿ ಜಗಳವಾಯಿತು. ಬದಲಾದ ಹೆಸರಿನ ಶನಿವಾರವೋ, ಬಿಡದೆ ಏಳು ಎಣಿಸಿದರೆ ಬರೋ ಭಾನುವಾರವೋ? ಸರ್ಕಾರ ಬೋರ್ಡು ಬದಲಾಯಿಸಿದ ಮಾತ್ರಕ್ಕೆ ಎಣಿಕೆ ಬದಲಾಗುತ್ತಾ ಅಂತ ಅವರು ಕೇಳಿದ್ದು ನನಗೇನೋ ಸರಿಯಾದ ಪ್ರಶ್ನೆ ಅನ್ನಿಸುತ್ತೆ.

"ಅಮ್ಮ ಅಲ್ಲಿ ಹಬ್ಬ ಮಾಡುವಾಗಲೇ ನಾವೂ ಮಾಡಬೇಕು, ಅದೇ ಅಲ್ವಾ ಖುಷಿ?" ಅಂತ ನೀವು ಕೇಳಬಹುದು. ನಿಜ, ಅದನ್ನು ನಾನೂ ಒಪ್ತೀನಿ. ಆದರೆ ಲೆಕ್ಕ ಹಾಕಿ ನೋಡಿ. 2025ರಲ್ಲಿ ಬೆಂಗಳೂರಿನ ಅಮ್ಮ 30ರ ಬೆಳಿಗ್ಗೆ ಆರೂಕಾಲಿಗೆ ಬಾಗಿಲಿಗೆ ತೋರಣ ಕಟ್ಟುತ್ತಿದ್ದಾಗ ಕ್ಯಾಲಿಫೋರ್ನಿಯಾದಲ್ಲಿ 29ರ ಸಂಜೆ ಮುಕ್ಕಾಲು ಆರು, ಬೇವುಬೆಲ್ಲ ತಿಂದ ಅದೇ ಶನಿವಾರ. ತಾರೀಖು ಎರಡು, ಹಬ್ಬ ಒಟ್ಟಿಗೇ! ಮರುದಿನ ಮಾಡಿದ್ದರೆ ಅಮ್ಮನ ಮನೆಯಲ್ಲಿ ಹಬ್ಬದ ಪಾತ್ರೆಯೂ ತೊಳೆದಾಗಿರ್ತಿತ್ತು :)