ಓಷಧಿಯೂ ಔಷಧವೂ

ಓಷಧಿಯೆಂದರೆ ಗಿಡಮೂಲಿಕೆ, ಅದರಿಂದ ಸಿದ್ಧವಾದುದು ಔಷಧ. ಬಳಕೆಯಲ್ಲಿ ಈ ಎರಡು ಪದಗಳೂ ಕಲೆತು ‘ಔಷಧಿ’ ಎಂಬ ಒಂದೇ ರೂಪ ನೆಲೆಗೊಂಡಿದೆ. ಪದಗಳ ಬೆರಕೆಯಿಂದ ಯಾರಿಗೂ ಕೇಡಿಲ್ಲ. ಆದರೆ ಅರ್ಥದಲ್ಲಿಯೂ ಅಂಥದೇ ಬೆರಕೆಯೊಂದು ನಮ್ಮಲ್ಲಿ ಬೇರೂರಿದೆ: ಗಿಡದಿಂದ ಬಂದುದೆಲ್ಲ ತಾನಾಗಿಯೇ ಔಷಧ, ಅದರಿಂದ ಅಪಾಯವೆಂಬುದೇ ಇಲ್ಲ, ಎಂಬ ನಂಬಿಕೆ. ಈ ನಂಬಿಕೆಯನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅಗತ್ಯವಾಗಿದೆ.

ಹಿತ್ತಿಲಿನ ಒದ್ದೆ ನೆಲದಲ್ಲಿ ಹಬ್ಬಿದ ಒಂದೆಲಗವನ್ನು ಕಿತ್ತು ತಂಬುಳಿ ಮಾಡುವ ಮಲೆನಾಡಿನ ಗೃಹಿಣಿಗೆ ಆ ನೆಲ ಗೊತ್ತು, ನೀರು ಗೊತ್ತು. ಪಕ್ಕದ ಗದ್ದೆಗೆ ಯಾವ ಮದ್ದು ಹೊಡೆದರೆಂಬುದೂ ಗೊತ್ತು. ಅದೇ ಒಂದೆಲಗ ಒಣಗಿ, ಪುಡಿಯಾಗಿ, ಗುಳಿಗೆಯಾಗಿ ಪಟ್ಟಣದ ಅಂಗಡಿಗೆ ಬಂದಾಗ ಕೊಳ್ಳುವವನಿಗೆ ಇವುಗಳಲ್ಲಿ ಒಂದೂ ತಿಳಿದಿರುವುದಿಲ್ಲ. ಅವನ ಕಣ್ಣಿಗೆ ಬೀಳುವುದು ಶೀಶೆಯ ಮೇಲಿನ ‘ನೈಸರ್ಗಿಕ’ ಎಂಬ ಮಾತು. ಅದು ವಿಶೇಷಣವೇ ಹೊರತು ಪರೀಕ್ಷೆಯ ಫಲವಲ್ಲ.

ನಮ್ಮ ಪ್ರಾಚೀನರು ಬರಿಯ ವಿಶೇಷಣವನ್ನು ನಂಬಿದವರಲ್ಲ. ಮೂಲಿಕೆಯನ್ನು ಎಂಥ ನೆಲದಿಂದ ತರಬೇಕೆಂಬುದನ್ನು ಚರಕಸಂಹಿತೆಯ ಕಲ್ಪಸ್ಥಾನ ವಿವರವಾಗಿ ಹೇಳುತ್ತದೆ. ಸ್ಮಶಾನ, ಹುತ್ತ, ಚೌಳು ನೆಲ ಇವು ವರ್ಜ್ಯ. ಬೆಂಕಿಯಿಂದಾಗಲಿ ಕೀಟಗಳಿಂದಾಗಲಿ ಕೆಟ್ಟ ಗಿಡ ತ್ಯಾಜ್ಯ. ಆ ಕಾಲಕ್ಕೆ ವೈದ್ಯನ ಕಣ್ಣೇ ಪ್ರಯೋಗಶಾಲೆಯಾಗಿತ್ತು.

ಇಂದಿನ ವಿಷವಾದರೋ ಕಣ್ಣಿಗೆ ಕಾಣುವಂಥದಲ್ಲ. ನಮ್ಮ ದೇಶದಲ್ಲಿ ಕೃಷಿಗೆ ಡಿಡಿಟಿಯ ಬಳಕೆ 1989ರಲ್ಲಿಯೂ ಬಿಎಚ್‌ಸಿ 1997ರಲ್ಲಿಯೂ ನಿಷಿದ್ಧವಾದವು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು. ಆದರೆ ಮಣ್ಣು ಸರಕಾರದ ಆಜ್ಞೆಯನ್ನು ಓದುವುದಿಲ್ಲ. ಡಿಡಿಟಿಯಂಥ ವಸ್ತು ದಶಕಗಳ ಕಾಲ ಅದರಲ್ಲಿ ಉಳಿಯಬಲ್ಲುದು. ಅಶ್ವಗಂಧ, ಶತಾವರಿಗಳಲ್ಲಿ ನಾವು ಔಷಧಕ್ಕೆ ಬಳಸುವುದು ಆ ಮಣ್ಣಿನಲ್ಲಿಯೇ ಹುದುಗಿ ಬೆಳೆದ ಬೇರನ್ನು. ಒಣಗಿಸಿದಾಗ ಬೇರಿನ ನೀರು ಆರುತ್ತದೆ. ಆರದೆ ಉಳಿದ ವಿಷದ ಪಾಲು ತೂಕಕ್ಕೆ ಹೋಲಿಸಿದರೆ ಏರುತ್ತದೆ. ಇಂಥ ವಿಷಗಳು ನೀರಿಗಿಂತ ಜಿಡ್ಡಿನಲ್ಲಿ ಸುಲಭವಾಗಿ ಕರಗತಕ್ಕವಾದುದರಿಂದ ಕಷಾಯಕ್ಕಿಂತ ತೈಲ, ಘೃತಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ಶೇಷದ ಅಲ್ಪಾಂಶ ಕಂಡ ಮಾತ್ರಕ್ಕೆ ಮದ್ದೆಲ್ಲ ವಿಷವಾಯಿತೆಂದು ಹೆದರಬೇಕಾಗಿಲ್ಲ. ಎಲ್ಲಕ್ಕೂ ಒಂದು ಮಿತಿಯುಂಟು. ಭಾರತದ ಆಯುರ್ವೇದಿಕ್ ಫಾರ್ಮಕೋಪಿಯಾ ಡಿಡಿಟಿಗೆ ಕಿಲೋಗ್ರಾಮಿಗೆ 1 ಮಿಲಿಗ್ರಾಮಿನ, ಆಲ್ಡ್ರಿನ್-ಡೈಎಲ್ಡ್ರಿನ್‌ಗಳಿಗೆ ಒಟ್ಟು 0.05 ಮಿಲಿಗ್ರಾಮಿನ ಎಲ್ಲೆಯನ್ನು ಹಾಕಿದೆ. ಇಷ್ಟು ಸೂಕ್ಷ್ಮವನ್ನು ಅಳೆಯಲು ಗ್ಯಾಸ್ ಕ್ರೊಮಟೋಗ್ರಫಿಯಂಥ ಉಪಾಯಗಳಿವೆ. ಆಯುರ್ವೇದ ಔಷಧಗಳ ತಯಾರಿಕೆ 1964ರ ತಿದ್ದುಪಡಿಯಿಂದಲೇ ಔಷಧ ಕಾಯಿದೆಯ ಹಿಡಿತಕ್ಕೆ ಬಂದಿದೆ. ನಿಯಮವೂ ಇದೆ, ಯಂತ್ರವೂ ಇದೆ. ಇಲ್ಲದಿರುವುದು ಪರೀಕ್ಷೆಯ ಫಲವನ್ನು ರೋಗಿಯ ಮುಂದಿಡುವ ಪದ್ಧತಿ. ಶೀಶೆಯ ಮೇಲೆ ಬ್ಯಾಚಿನ ಸಂಖ್ಯೆಯಿರುತ್ತದೆ. ಆ ಬ್ಯಾಚಿನ ಪರೀಕ್ಷೆಯಲ್ಲಿ ಕಂಡುಬಂದುದೇನು ಎಂಬುದು ಇರುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಕೇಳಿಬರುವುದುಂಟು. ಇದು ನಮ್ಮ ವೈದ್ಯದ ಮೇಲಣ ಅಪನಂಬಿಕೆ ಎಂಬುದು ಮೊದಲನೆಯದು. ಚರಕನು ನೆಲವನ್ನು ಪರೀಕ್ಷಿಸೆಂದುದು ಅಪನಂಬಿಕೆಯಲ್ಲವಾದರೆ ಇದೂ ಅಲ್ಲ. ಎರಡನೆಯದು ವೆಚ್ಚದ ಮಾತು, ಇದನ್ನು ತಳ್ಳಿಹಾಕುವಂತಿಲ್ಲ. ಸಣ್ಣ ಪ್ರಮಾಣದಲ್ಲಿ ಲೇಹ್ಯ, ಚೂರ್ಣಗಳನ್ನು ತಯಾರಿಸುವ ಪಂಡಿತರು ಪ್ರತಿ ಪಾಕಕ್ಕೂ ಪರೀಕ್ಷೆಯ ಶುಲ್ಕವನ್ನು ತೆರಲಾರರು. ಆದುದರಿಂದ ಮೂಲಿಕೆ ರಾಶಿಯಾಗಿ ಬಂದು ಬೀಳುವ ಮಂಡಿಗಳಲ್ಲಿಯೇ, ಅದು ನೂರು ಕೈಗಳಿಗೆ ಹಂಚಿಹೋಗುವ ಮೊದಲೇ, ಪರೀಕ್ಷೆ ನಡೆಯಬೇಕು. ಅದರ ಹೊರೆಯ ಬಹುಭಾಗವನ್ನು ಸರಕಾರವೇ ಹೊರಬೇಕು. ಫಲವನ್ನು ಯಾರು ಬೇಕಾದರೂ ನೋಡುವಂತಿರಬೇಕು.

ಮದ್ದನ್ನು ಸೇವಿಸುವವನು ದೇಹಬಲ ಕುಂದಿದವನು. ಅನೇಕ ವೇಳೆ ಆತ ವೃದ್ಧ. ಬಾಣಂತಿಯೂ ಇರಬಹುದು, ಮಗುವೂ ಇರಬಹುದು. ತಿಂಗಳುಗಟ್ಟಲೆ, ಹೊತ್ತುಹೊತ್ತಿಗೆ ತಪ್ಪದೆ, ನಂಬಿ ಸೇವಿಸುವ ಜೀವವದು. ಅದರ ಪರವಾಗಿ ಯಾರಾದರೊಬ್ಬರು ನೆಲವನ್ನು ನೋಡಿ ಬರಬೇಕಲ್ಲವೆ? ಹಿಂದೆ ವೈದ್ಯನು ಕಾಡಿಗೆ ನಡೆದುಹೋಗಿ ಮಾಡುತ್ತಿದ್ದ ಆ ಕೆಲಸ ಈಗ ಪ್ರಯೋಗಶಾಲೆಯ ಪಾಲಿಗೆ ಬಂದಿದೆ. ಅದು ನಡೆಯುವ ತನಕ ನಾವು ಕೊಳ್ಳುತ್ತಿರುವುದು ಓಷಧಿಯನ್ನೇ ಹೊರತು, ಔಷಧವನ್ನೆಂದು ಧೈರ್ಯವಾಗಿ ಹೇಳಲಾಗದು.