ನೋಡಿದ್ದು ಐದು, ಅಂಕ ತಿದ್ದಿದ್ದು ಒಂದು

(ಭಾಗ 1/6)

ದೋಸ್ತರೇ, ರೇಟಿಂಗ್ ಸರಣಿ ಮತ್ತೆ ಬಂತು. 2025ರ ದೀಪಾವಳಿ ರಜೆಯಲ್ಲಿ ಐದು ಕನ್ನಡ ಸಿನಿಮಾ ನೋಡಿದೆ. ಒಂದು ರಾಯಚೂರಿನ ಟಾಕೀಸಿನಲ್ಲಿ, ಉಳಿದ ನಾಲ್ಕು ಫೋನ್, ಲ್ಯಾಪ್‌ಟಾಪ್‌ನಲ್ಲಿ. ಯಾವಾಗಿನಂತೆ 5ಕ್ಕೆ ಎಷ್ಟು ಅಂತ ಹೇಳ್ತೀನಿ. ನನ್ನ ಅಂಕ ನನ್ನದು, ನಿಮ್ಮದು ನಿಮ್ಮದು. ಜಗಳ ಆಡೋಣ, ಆದ್ರೆ ಸಿನಿಮಾ ನೋಡಿ ಆಡೋಣ.

ಈ ಸಲ ಒಂದು ಬದಲಾವಣೆ ಇದೆ. ಕಥೆ, ನಟನೆ, ಹಾಡು ಇದ್ದೇ ಇರ್ತವೆ. ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿದೀನಿ: ಸಿನಿಮಾದಲ್ಲಿ ಜನ ಆಡೋ ಮಾತಿಗೆ ಯಾರು ನಗ್ತಾರೆ? ಇದ್ಯಾಕೆ ಬಂತು ಅಂತ 3ನೇ ಭಾಗದಲ್ಲಿ ಹೇಳ್ತೀನಿ. 5ನೇ ಭಾಗದಲ್ಲಿ ಒಂದು ತಪ್ಪೊಪ್ಪಿಗೆನೂ ಇದೆ. ಅಲ್ಲಿವರೆಗೂ ಓದಿ. ಅರ್ಧಕ್ಕೆ ಬಿಟ್ಟು "ಲ್ಯಾಗ್ ಬ್ರೋ" ಅಂತ ಕಾಮೆಂಟ್ ಹಾಕಬೇಡಿ.

(ಭಾಗ 2/6)

ಕಾಂತಾರ ಚಾಪ್ಟರ್ 1: 4/5

ಅಕ್ಟೋಬರ್ 2ಕ್ಕೆ ಬಂದ ಸಿನಿಮಾ. ನಾನು ನೋಡೋವಾಗ ಮೂರನೇ ವಾರ, ಆದ್ರೂ ಟಾಕೀಸ್ ತುಂಬಿತ್ತು. ರಿಷಬ್ ಶೆಟ್ಟಿಯವರ ಬೆರ್ಮೆ, ಅಜನೀಶ್ ಲೋಕನಾಥ್ ಸಂಗೀತ, ಅರವಿಂದ್ ಕಶ್ಯಪ್ ಕ್ಯಾಮೆರಾ, ಇವಕ್ಕೆ ದೊಡ್ಡ ಪರದೆನೇ ಬೇಕು. ಸೆಕೆಂಡ್ ಹಾಫ್‌ನಲ್ಲಿ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕುರ್ಚಿ ಬಿಟ್ಟು ಎದ್ದು ನಿಂತೇ ನೋಡಿದ್ರು. ಮೊದಲ ಅರ್ಧದ ಕಾಮಿಡಿ ನನಗೆ ಹಿಡಿಸಲಿಲ್ಲ, ಅದಕ್ಕೆ ಒಂದು ಅಂಕ ಕಟ್. ರಾಯಚೂರಲ್ಲಿ ತೆಲುಗು ಸಿನಿಮಾಕ್ಕೆ ಜನ ಸೇರೋದು ಹೊಸದೇನಲ್ಲ. ಕನ್ನಡ ಸಿನಿಮಾಕ್ಕೂ ಹಂಗೇ ಸೇರಿದ್ದು ನೋಡಿ ಖುಷಿ ಆಯ್ತು.

ಸು ಫ್ರಮ್ ಸೋ: 4.5/5

ಜುಲೈ 25ಕ್ಕೆ ಸದ್ದಿಲ್ಲದೆ ಬಂದು, ಬಾಯಿಂದ ಬಾಯಿಗೆ ಹರಡಿ ಗೆದ್ದ ಸಿನಿಮಾ. ಜೆ.ಪಿ. ತುಮಿನಾಡ್ ನಿರ್ದೇಶನ, ಅಶೋಕನ ಪಾತ್ರನೂ ಅವರದ್ದೇ. ಆ ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರು ನಂಬುತ್ತೆ. ಅಲ್ಲಿಂದ ನಗು ಶುರು.

ಇದರಲ್ಲಿ ಎಲ್ಲರೂ ಕರಾವಳಿ ಕನ್ನಡ ಆಡ್ತಾರೆ. ನಾವು ಹೊಟ್ಟೆ ಹಿಡ್ಕೊಂಡು ನಕ್ಕೆವು. ಆದ್ರೆ ನಕ್ಕಿದ್ದು ಆ ಮಾತಿಗಲ್ಲ, ಆ ಪೇಚಾಟಕ್ಕೆ. ಊರಿನ ಯಜಮಾನ್ರೂ ಅದೇ ಮಾತು, ಪ್ಯಾಲಿನೂ ಅದೇ ಮಾತು, ಅಳುವವರೂ ಅದೇ ಮಾತು. ಹಂಗಾಗಿ ಮಾತೇ ಜೋಕ್ ಆಗೋಕೆ ದಾರಿ ಇಲ್ಲ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ.

(ಭಾಗ 3/6)

ಈಗ ನಮ್ಮ ಮಾತಿನ ಕಥೆ.

ನನ್ನ ಹೈಸ್ಕೂಲ್ ದೋಸ್ತ್ ಒಬ್ಬ, ದೇವದುರ್ಗದವನು. ಹೆಸರು ಹಾಕಬೇಡ ಅಂದಿದ್ದಾನೆ. ಈಗ ಬೆಂಗಳೂರಿನ ಪಿಜಿಯಲ್ಲಿದ್ದಾನೆ. ಹೋದ ಹೊಸದರಲ್ಲಿ ಅವನು "ಊಟಕ್ಕ ಹೋಗಮು ಬರ್ರಿ" ಅಂದ್ರೆ ರೂಮ್‌ಮೇಟ್‌ಗಳು "ಇನ್ನೊಂದ್ಸಲ ಹೇಳೋ" ಅಂತಿದ್ದರಂತೆ. ಅವನೂ ಪಾಪ ನಗ್ತಾ ಹೇಳ್ತಿದ್ದ. ಒಂದಿನ ಅದನ್ನೇ ರೆಕಾರ್ಡ್ ಮಾಡಿ, ಯಾವುದೋ ಸಿನಿಮಾದ ಕಾಮಿಡಿ ಮ್ಯೂಸಿಕ್ ಹಾಕಿ ರೀಲ್ ಬಿಟ್ಟರು. ಈಗ ಅವನು ಮನೆಗೆ ಫೋನ್ ಮಾಡಬೇಕಂದ್ರೆ ಟೆರೇಸ್‌ಗೆ ಹೋಗ್ತಾನೆ. ಅವ್ವನ ಜೊತೆ ಮಾತಾಡೋದು ಯಾರಿಗೂ ಕೇಳಬಾರದು ಅಂತ.

ಆ ಹುಡುಗರು ಕೆಟ್ಟವರಲ್ಲ. ಆದ್ರೆ ಅವರಿಗೆ ಇದನ್ನ ಕಲಿಸಿದ್ದು ಯಾರು? ಎಷ್ಟೋ ಸಿನಿಮಾದಲ್ಲಿ ಹೀರೋ ಬೆಂಗಳೂರು ಕನ್ನಡ ಆಡ್ತಾನೆ. "ಏನ್ಲೇ, ಹೌದೇನ್ಲೇ" ಅನ್ನೋದು ಅವನ ಪಕ್ಕದಲ್ಲಿ ಏಟು ತಿನ್ನೋನು, ಇಲ್ಲಾಂದ್ರೆ ಲಾಡ್ಜ್ ರೂಮ್ ಬಾಯ್. ವರ್ಷಗಟ್ಟಲೆ ಅದನ್ನೇ ನೋಡಿದವರಿಗೆ ನಮ್ಮ ಬಾಯಿ ತೆರೆದ್ರೆ ನಗು ಬರೋದು ಸಹಜ. ನಾವೂ ಆ ಸೀನ್‌ಗಳಿಗೆ ಸೀಟಿ ಹೊಡೆದವರೇ, ಸುಳ್ಳು ಹೇಳಬಾರದು.

ನಾನೂ ಏನು ಕಡಿಮೆ? ಈ ಸರಣಿ ಶುರು ಮಾಡಿದಾಗಿಂದ ಕ್ಯಾಪ್ಷನ್ ಬರೀವಾಗ "ಐತಿ" ಅಳಿಸಿ "ಇದೆ" ಅಂತ ಹಾಕ್ತೀನಿ. ನೀವು ಗಮನಿಸಿರ್ತೀರಿ. ಇವತ್ತೂ ಹಾಕಿದೀನಿ.

(ಭಾಗ 4/6)

ಮುಂದಿನ ಎರಡು ಸಿನಿಮಾನ ಜೋಡಿಯಾಗಿ ನೋಡಿದ್ದು ಬೇಕಂತಲೇ. ಎರಡೂ ನಮ್ಮ ಕಡೆಯ ಕಥೆ. ಒಂದು 2024ರ ಮಾರ್ಚ್ 8ಕ್ಕೆ ಬಿಡುಗಡೆ, ಇನ್ನೊಂದು ಮಾರ್ಚ್ 15ಕ್ಕೆ. ಒಂದೇ ವಾರದ ಅಂತರ.

ಕರಟಕ ದಮನಕ: 2.5/5

ಯೋಗರಾಜ್ ಭಟ್ ಸಿನಿಮಾ, ಶಿವರಾಜ್‌ಕುಮಾರ್ ಮತ್ತು ಪ್ರಭುದೇವ. ಉತ್ತರ ಕರ್ನಾಟಕದ ನೀರಿಲ್ಲದ ಹಳ್ಳಿಗೆ ಇಬ್ಬರು ಮೋಸಗಾರರು ಬರ್ತಾರೆ. ಹಾಡು ಸೂಪರ್, ನಮ್ಮ ಕಾಲೇಜ್ ಗ್ಯಾದರಿಂಗ್‌ನಲ್ಲಿ ಕುಣಿದಿದ್ದೇವೆ. ವಿಷಯನೂ ಖರೇನೇ, ನೀರಿಗೂ ಗುಳೆಗೂ ಇರೋ ನಂಟು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ಊರಿನ ಜನ ಹೆಚ್ಚಿನ ಹೊತ್ತು ಹೀರೋಗಳ ಹಿಂದೆ ಗುಂಪಾಗಿ ನಿಂತಿರ್ತಾರೆ. ಕಷ್ಟ ಅವರದ್ದು, ಬುದ್ಧಿ ಹೊರಗಿಂದ ಬಂದವರದ್ದು. ಅದೇ ನನಗೆ ತಡೆಯಲಿಲ್ಲ.

ಫೋಟೋ: 4/5

ಉತ್ಸವ್ ಗೋನವಾರ ನಿರ್ದೇಶನ. ರಾಯಚೂರು ಕಡೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳೋ ಆಸೆ. ಅಪ್ಪ ಬೆಂಗಳೂರಲ್ಲಿ ಕೂಲಿ. ಹುಡುಗ ಅಲ್ಲಿಗೆ ಹೋಗ್ತಾನೆ, ಅಷ್ಟರಲ್ಲಿ 2020ರ ಲಾಕ್‌ಡೌನ್. ಬಸ್ಸಿಲ್ಲ, ರೈಲಿಲ್ಲ. ಅಪ್ಪ ಮಗ ಊರಿನ ಕಡೆ ನಡೀತಾರೆ.

ಆಗ ನಾನು ಎಂಟನೇ ಕ್ಲಾಸ್. ಬೆಂಗಳೂರಿಂದ ಸಿಂಧನೂರಿನ ಕಡೆ ನಡೆದು ಹೊರಟಿದ್ದ ಕೂಲಿ ಹೆಣ್ಣುಮಗಳೊಬ್ಬಳು ಬಳ್ಳಾರಿಯಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಓಣಿಯಲ್ಲಿ ಎರಡು ಮನೆಯವರು ತಮ್ಮವರಿಗೆ ಫೋನ್ ಹತ್ತದೆ ಅಳ್ತಿದ್ರು. ಅದು ನನಗೆ ನೆನಪಿದೆ. ಅದಕ್ಕೇ ಸಿನಿಮಾ ನೋಡುವಾಗ ಫೋನ್ ಉಲ್ಟಾ ಇಟ್ಟೆ.

ಇದರಲ್ಲಿ ದುರ್ಗ್ಯಾ ನಮ್ಮ ಮಾತಲ್ಲೇ ಹಠ ಮಾಡ್ತಾನೆ, ಅಪ್ಪ ನಮ್ಮ ಮಾತಲ್ಲೇ ಸುಮ್ಮನಾಗಿಸ್ತಾನೆ. ಆ ಮಾತಿಗೆ ಒಬ್ಬರೂ ನಗಲ್ಲ. ತಾಯಿ ಪಾತ್ರ ಮಾಡಿದವರು ಸಂಧ್ಯಾ ಅರಕೆರೆ. ಸು ಫ್ರಮ್ ಸೋದಲ್ಲಿ ಭಾನು ಆದವರೂ ಅವರೇ. ನನಗೆ ಆಮೇಲೆ ಗೊತ್ತಾಗಿದ್ದು! ಅಲ್ಲಿ ಕರಾವಳಿಯವರು, ಇಲ್ಲಿ ನಮ್ಮೂರಿನ ಅವ್ವ. ಒಂದು ಸೀಮೆಯ ಮಾತನ್ನ ಹೊರಗಿನವರು ಆಡಲೇಬಾರದು ಅಂತ ಏನಿಲ್ಲ, ಶ್ರದ್ಧೆ ಇದ್ರೆ ಸಾಕು ಅನ್ನೋದಕ್ಕೆ ಇದೇ ಉದಾಹರಣೆ.

ಒಂದು ಅಂಕ ಯಾಕೆ ಕಟ್ ಮಾಡಿದೆ? ಕೆಲವು ಕಡೆ ದುಃಖವನ್ನ ಬೇಕಾದ್ದಕ್ಕಿಂತ ಒತ್ತಿ ಹೇಳುತ್ತೆ ಅನ್ನಿಸ್ತು. ನಮ್ಮೂರ ಸಿನಿಮಾ ಅಂತ ಗ್ರೇಸ್ ಮಾರ್ಕ್ಸ್ ಕೊಡಲ್ಲ. ಕೊಟ್ರೆ ಅದೂ ಒಂಥರ ಕೀಳಾಗಿ ನೋಡಿದಂಗೇ.

(ಭಾಗ 5/6)

ಶಿವಮ್ಮ ಯರೇಹಂಚಿನಾಳ: ಮೊದಲು 2/5. ಈಗ 4.5/5.

ಇದೇ ತಪ್ಪೊಪ್ಪಿಗೆ.

ಜೈಶಂಕರ್ ಆರ್ಯರ್ ನಿರ್ದೇಶನ, ರಿಷಬ್ ಶೆಟ್ಟಿ ನಿರ್ಮಾಣ. ಯರೇಹಂಚಿನಾಳ ಇರೋದು ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ. ಶಿವಮ್ಮನಾಗಿ ಶರಣಮ್ಮ ಚೆಟ್ಟಿ. ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು, ಮೇಲೆ ಸಾಲ. ಇಷ್ಟರ ನಡುವೆ ಶಕ್ತಿ ಬರೋ ಡ್ರಿಂಕ್ ಮಾರೋ ಚೈನ್ ಬಿಸಿನೆಸ್‌ಗೆ ಕೈ ಹಾಕ್ತಾಳೆ. 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಈ ಸಿನಿಮಾ ನಮ್ಮಲ್ಲಿ ಟಾಕೀಸಿಗೆ ಬಂದಿದ್ದು 2024ರ ಜೂನ್‌ನಲ್ಲಿ.

ನಾನು ನೋಡಿದ್ದು ಹೆಂಗೆ ಗೊತ್ತಾ? ದೇವದುರ್ಗದಿಂದ ರಾಯಚೂರಿಗೆ ಬರೋ ಬಸ್ಸಿನಲ್ಲಿ, ಫೋನ್‌ನಲ್ಲಿ, 1.5 ಸ್ಪೀಡ್ ಇಟ್ಟು, ನಡುವೆ ಮೂರು ಸಲ ಚಾಟ್‌ಗೆ ಹೋಗಿ ಬಂದು. ಇಳಿದ ತಕ್ಷಣ ಸ್ಟೋರಿ ಹಾಕಿದೆ: "2/5, ಲ್ಯಾಗ್, ಡಾಕ್ಯುಮೆಂಟರಿ ಥರ." ನಿಮ್ಮಲ್ಲಿ ಸುಮಾರು ಜನ ಲೈಕ್ ಒತ್ತಿದ್ರಿ.

ಮಾನ್ವಿಯಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ. ನನ್ನ ಸ್ಟೋರಿ ತಪ್ಪದೆ ನೋಡೋರಲ್ಲಿ ಆಕೆನೂ ಒಬ್ಬಳು. ಹಬ್ಬಕ್ಕೆ ಹೋದಾಗ "ಆ ಸಿನಿಮಾ ನನಗೂ ಹಚ್ಚಿಕೊಡು" ಅಂದಳು. ಲ್ಯಾಪ್‌ಟಾಪ್‌ನಲ್ಲಿ ಹಾಕಿ ಪಕ್ಕದಲ್ಲೇ ಕೂತೆ. ಸ್ಪೀಡ್ ನಾರ್ಮಲ್. ಶಿವಮ್ಮ ಬ್ಯಾಗ್ ಹಿಡ್ಕೊಂಡು ಮಾರೋಕೆ ಹೋಗೋ ಹೊತ್ತಿಗೆ ಚಿಕ್ಕಮ್ಮ ಮೆಲ್ಲಗೆ ಹೇಳಿದ್ಲು: "ನಾನೂ ಹಿಂಗ ತಿರಿಗೀನಿ."

ನನಗೆ ಗೊತ್ತೇ ಇರಲಿಲ್ಲ. ಮೂರು ವರ್ಷದ ಹಿಂದೆ ಯಾರದೋ ಮಾತು ಕೇಳಿ ಸಂಘದ ಸಾಲ ತಂದು ಪೌಡರ್ ಡಬ್ಬಿ ತರಿಸಿದ್ದಳಂತೆ. ಬೀಗರ ಮನೆಗೆ ಹೋದ್ರೆ ಬಾಗಿಲು ಮುಂದಕ್ಕೆ ಮಾಡ್ತಿದ್ರಂತೆ. ಉಳಿದ ಡಬ್ಬಿ ಇನ್ನೂ ಮಂಚದ ಕೆಳಗೆ ಇದಾವೆ, ತೋರಿಸಿದಳು. ಸಾಲ ಹೋದ ವರ್ಷ ತೀರಿತಂತೆ.

ಸಿನಿಮಾ ಮುಗಿದ ಮೇಲೆ ಕೇಳಿದಳು, "ಇದಕ್ಕ ಎರಡ ಕೊಟ್ಟಿಯಲ್ಲೋ, ಯಾಕ?"

"ಸ್ಲೋ ಐತಿ ಚಿಕ್ಕಮ್ಮ."

"ಮನಿ ಮನಿ ತಿರುಗಬೇಕಂದ್ರ ಹೊತ್ತು ಹಿಡಿತೈತಪಾ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಅಂಕ ಕೊಟ್ಟಿದ್ದು ಸಿನಿಮಾಕ್ಕಲ್ಲ, ನಾನು ಓಡಿಸಿದ ಸ್ಪೀಡಿಗೆ.

(ಭಾಗ 6/6)

ಚಿಕ್ಕಮ್ಮನ ಕಥೆ ಕೇಳಿ ಪಾಪ ಅನಿಸಿ ಅಂಕ ಏರಿಸಿದೆ ಅಂತ ಅನ್ಕೋಬೇಡಿ. ಎರಡನೇ ಸಲ ಸರಿಯಾಗಿ ನೋಡಿದಾಗ ಮೊದಲು ಕಾಣದ್ದು ಕಾಣಿಸ್ತು. ಶಿವಮ್ಮನ ಹಠ, ಅವಳ ಸುಳ್ಳು, ಅವಳ ಆಸೆ. ಸಿನಿಮಾ ಅವಳನ್ನ ದೇವತೆ ಮಾಡಿಲ್ಲ, ಜೋಕೂ ಮಾಡಿಲ್ಲ. ನಮ್ಮ ಮಾತಲ್ಲಿ ಇಷ್ಟು ಸಲೀಸಾಗಿ ಜಗಳ ಆಡೋ ಹೆಣ್ಣುಮಗಳನ್ನ ಪರದೆ ಮೇಲೆ ನಾನು ನೋಡಿರಲಿಲ್ಲ. ಅರ್ಧ ಅಂಕ ಕಟ್ ಆಗಿದ್ದು ಕೊನೆಗೆ. ನನಗೆ ಇನ್ನೂ ಸ್ವಲ್ಪ ಬೇಕಿತ್ತು.

ನಮ್ಮ ಬ್ಯಾಚಿನವರಿಗೆ, ಜೂನಿಯರ್ಸ್‌ಗೆ ನನ್ನ ಮಾತು ಇಷ್ಟೇ. ದೊಡ್ಡ ಸಿನಿಮಾಕ್ಕೆ ನಮ್ಮ ಒಂದು ಸ್ಟಾರ್‌ನಿಂದ ಏನೂ ಆಗಲ್ಲ. ಸಣ್ಣ ಸಿನಿಮಾಕ್ಕೆ ಆಗುತ್ತೆ. ಇಡೀ ಕ್ಲಾಸಲ್ಲಿ ಅದನ್ನ ನೋಡಿದವನು ನೀನೊಬ್ಬನೇ ಆಗಿದ್ದು, ನೀನೇ "ಲ್ಯಾಗ್" ಅಂದ್ರೆ ಉಳಿದ ಅರವತ್ತು ಜನ ನೋಡೋದೇ ಇಲ್ಲ. ನಮ್ಮ ಮಾತಿನ ಸಿನಿಮಾ ಬರೋದೇ ಅಪರೂಪ. ಬಂದಿದ್ದನ್ನ ನಾವೇ ಓಡಿಸಿಕೊಂಡು ನೋಡಿ ಬೈದ್ರೆ, ಮುಂದಿನ ಸಿನಿಮಾದಲ್ಲೂ "ಹೌದೇನ್ಲೇ" ಅನ್ನೋನು ರೂಮ್ ಬಾಯೇ ಆಗಿರ್ತಾನೆ. ನನ್ನ ದೋಸ್ತ್ ಟೆರೇಸಲ್ಲೇ ಇರ್ತಾನೆ.

ಬೈಬೇಡಿ ಅಂತಿಲ್ಲ. ಪೂರ್ತಿ ನೋಡಿ, ನಾರ್ಮಲ್ ಸ್ಪೀಡಲ್ಲಿ ನೋಡಿ, ಒಂದು ರಾತ್ರಿ ಬಿಟ್ಟು ಅಂಕ ಹಾಕಿ, ಕಾರಣ ಬರೀರಿ. ನಾನೂ ಇನ್ಮೇಲೆ ಹಂಗೇ ಮಾಡ್ತೀನಿ. ಹಳೇ ಸ್ಟೋರಿ ಹೈಲೈಟ್‌ನಲ್ಲಿ ಹಂಗೇ ಐತಿ, ಅಳಿಸಿಲ್ಲ. ಪಕ್ಕದಾಗ ಹೊಸಾ ಅಂಕ ಹಾಕೀನಿ.

ನಿಮ್ಮ ಐದು ಯಾವುವು, ಎಷ್ಟೆಷ್ಟು ಕೊಟ್ರಿ, ಕೆಳಗ ಬರೀರಿ. ಯಾವುದರ ಅಂಕ ತಿದ್ದಬೇಕು ಅನಿಸಿದ್ರ ಅದನ್ನೂ ಬರೀರಿ. ಚಿಕ್ಕಮ್ಮನೂ ಓದ್ತಾಳ, ಸ್ವಲ್ಪ ನೋಡ್ಕೊಂಡು ಬೈರಿ.

#ನೋಡಿದ್ದಕ್ಕೆ_ಅಂಕ #ರಾಯಚೂರು #ದೇವದುರ್ಗ #ಮಾನ್ವಿ